ಹಳದಿ ಚಾದರ ಕಂಡರೆ ಏಳಿ

ನಮ್ಮ ಭಾವನಿಗೆ ರೈಲಿನಲ್ಲಿ ಕೂತು ಗೊತ್ತೇ ಇರಲಿಲ್ಲ. ಪಾಸ್ ಇಲ್ಲದೆ ಓಡಾಡುವವರು ಅಂದುಕೊಳ್ಳಬೇಡಿ. ಪಾಸನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರಿನ ಮೂಲೆಗೆ ತೂತು ಕೊರೆದು, ದಾರ ಕಟ್ಟಿ ಅಂಗಿಯ ಗುಂಡಿಗೆ ಸಿಕ್ಕಿಸಿಕೊಳ್ಳುವಷ್ಟು ಅಚ್ಚುಕಟ್ಟಿನ ಮನುಷ್ಯ. ಆದರೂ ನನ್ನ ಅಕ್ಕನನ್ನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಗರಕ್ಕೆ ಹೋಗುವುದು ನಿಂತುಕೊಂಡೇ, ಬರುವುದೂ ನಿಂತುಕೊಂಡೇ. ನಿಲ್ಲುವ ಜಾಗವೂ ಒಂದೇ, ಬಾಗಿಲ ಬಲಗಡೆಯ ಮೂಲೆ. ಜೊತೆಯವರು ಅವರನ್ನು ದ್ವಾರಪಾಲಕರು ಅಂತಲೇ ಕರೆಯುತ್ತಿದ್ದರು. ಭಾವ ಅದನ್ನು ಪದವಿಯ ಹಾಗೆ ಸ್ವೀಕರಿಸಿದ್ದರು.

ನಗರದ ಕನ್ನಡಕದ ಕಾರ್ಖಾನೆಯಲ್ಲಿ ಅವರಿಗೆ ಗಾಜು ಉಜ್ಜುವ ಕೆಲಸ. ದಿನವಿಡೀ ಗಾಜನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಇನ್ನೂ ಎಲ್ಲಿ ಉಬ್ಬಿದೆ ಎಲ್ಲಿ ತಗ್ಗಿದೆ ಎಂದು ಹುಡುಕುವುದು. ಆ ಚಾಳಿ ಕಾರ್ಖಾನೆಯಲ್ಲೇ ಉಳಿಯದೆ ಮನೆಗೂ ಬರುತ್ತಿತ್ತು. ಕಂಡದ್ದನ್ನೆಲ್ಲ ಕೈಗೆತ್ತಿಕೊಂಡು ತಿರುಗಿಸಿ ನೋಡಬೇಕು, ಇದು ಯಾಕೆ ಹೀಗಿದೆ ಎಂದು ಕೇಳಬೇಕು. ನನ್ನದು ಸ್ಟೇಷನ್ನಿನ ಎದುರು ಕೊಡೆ, ಚೀಲ ಮಾರುವ ಅಂಗಡಿ. ಭಾವ ಒಳಗೆ ಬಂದರೆ ನನಗೆ ಜೀವ ಹಾರುತ್ತಿತ್ತು. ಒಂದು ಸಲ, ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಕೊಡೆಯ ಒಳಗೆ ಸ್ಪ್ರಿಂಗ್ ಎಲ್ಲಿದೆ ನೋಡಬೇಕು ಎಂದು ಕೂತರು. ಸ್ಪ್ರಿಂಗ್ ಸಿಕ್ಕಿತು, ನನ್ನ ಗಿರಾಕಿಯ ಹಣೆಯ ಮೇಲೆ.

ಅಂಥ ಕುತೂಹಲದ ಮನುಷ್ಯ ರೈಲಿನ ಒಳಗೆ ಏನಿದೆ ಎಂದು ಯಾಕೆ ನೋಡಲಿಲ್ಲ? ಕಾರಣ ಇತ್ತು. ನಮ್ಮದು ಸಣ್ಣ ಸ್ಟೇಷನ್. ಬರುವ ರೈಲು ಬರುವಾಗಲೇ ತುಂಬಿರುತ್ತಿತ್ತು. ಜನರ ಒತ್ತಡದಲ್ಲಿ ಒಳಗೆ ಸೇರಿಹೋದವನು ನಮ್ಮೂರಲ್ಲಿ ಇಳಿಯುವ ಆಸೆ ಬಿಡಬೇಕು. ಎರಡನೆಯದು, ಮುಂದಿನ ನಿಲ್ದಾಣ ಇಂಥದ್ದು ಎಂದು ಹೇಳುವ ಆ ಹೆಣ್ಣುದನಿ. ಹಳೆಯ ರೈಲಿನಲ್ಲಿ ಅವಳು ಸದಾ ಒಂದು ಸ್ಟೇಷನ್ ಹಿಂದೆ ಇರುತ್ತಿದ್ದಳು. ನಮ್ಮೂರು ದಾಟಿ ರೈಲು ಓಡುತ್ತಿರುವಾಗ, ಇನ್ನೇನು ನಿಮ್ಮೂರು ಬಂತು ಎಂದು ಸಕ್ಕರೆಯಂಥ ಗಂಟಲಲ್ಲಿ ಹೇಳುತ್ತಿದ್ದಳು. ಅವಳನ್ನು ನಂಬಿ ಕೆಟ್ಟವರು ಎಷ್ಟೋ ಜನ. ಹಾಗಾಗಿ ನಮ್ಮೂರಿನವರು ಕಿವಿಯನ್ನು ಮನೆಯಲ್ಲಿಟ್ಟು ಬರೀ ಕಣ್ಣು ತೆಗೆದುಕೊಂಡು ರೈಲು ಹತ್ತುವುದನ್ನು ಕಲಿತರು. ಬಾಗಿಲ ಬಳಿ ನಿಲ್ಲು, ಹೊರಗೆ ನೋಡು, ನಿನ್ನ ಊರು ಕಂಡರೆ ಇಳಿ.

ಹೀಗೆ ನಿಂತೂ ನಿಂತೂ ಭಾವನ ಕಾಲಿನ ನರಗಳು ಹಗ್ಗದ ಹಾಗೆ ಎದ್ದವು. ಸಂಜೆಯ ಹೊತ್ತಿಗೆ ಚಪ್ಪಲಿಯ ಪಟ್ಟಿ ಪಾದದೊಳಗೆ ಹೂತಿರುತ್ತಿತ್ತು. ಅಕ್ಕ ಬೈದು ಬೈದು ಸಾಕಾಗಿ, ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಭಾರವನ್ನು ನನ್ನ ತಲೆಗೆ ಕಟ್ಟಿದಳು.

ಡಾಕ್ಟರು ಕಾಲು ಒತ್ತಿ ನೋಡಿದರು. "ಕೆಲಸದಲ್ಲಿ ನಿಂತೇ ಇರ್ತೀರಾ?"

"ಇಲ್ಲ ಡಾಕ್ಟ್ರೇ. ಕೂತ್ಕೊಂಡು ಮಾಡೋ ಕೆಲಸ," ಅಂದರು ಭಾವ.

"ಮತ್ತೆ ಇಷ್ಟೊಂದು ನಿಲ್ಲೋದು ಎಲ್ಲಿ?"

"ಕೂತ್ಕೊಂಡು ಮಾಡೋ ಕೆಲಸಕ್ಕೆ ಹೋಗೋವಾಗ."

ಡಾಕ್ಟರು ನಗಲಿಲ್ಲ. "ನೋಡಿ, ಕೂತು ಹೋಗಿ ಬರೋ ಹಾಗಿದ್ರೆ ಕೆಲಸಕ್ಕೆ ಹೋಗಿ. ಇಲ್ಲಾಂದ್ರೆ ಕೆಲಸ ಬಿಡಿ. ಈ ನರ ಇನ್ನು ಜಾಸ್ತಿ ದಿನ ತಡೆಯಲ್ಲ."

ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ನಮ್ಮ ಭಾವ ಕೇಳಿದರು, "ಅಲ್ಲ ಡಾಕ್ಟ್ರೇ, ಕಾಲಿಗೆ ಇಳಿದ ರಕ್ತ ಮೇಲಕ್ಕೆ ಹತ್ತೋದು ಹೇಗೆ? ತಳ್ಳೋರು ಯಾರು?" ಡಾಕ್ಟರು ಚೀಟಿಯ ಹಿಂದೆ ಚಿತ್ರ ಬಿಡಿಸಿ ತೋರಿಸಿದರು. ಹೊರಗೆ ಕಾದಿದ್ದವರು ಬಾಗಿಲು ಬಡಿಯುವ ತನಕ ಆ ಪಾಠ ನಡೆಯಿತು.

ಮನೆಯಲ್ಲಿ ಅಕ್ಕ ತೀರ್ಪು ಕೊಟ್ಟಳು. "ಅದಕ್ಕೇನಂತೆ, ಕೆಲಸ ಬಿಡಲಿ. ತಮ್ಮನ ಅಂಗಡಿ ಇಲ್ವಾ? ಅಲ್ಲಿ ಕೂತ್ಕೊಳ್ಳಲಿ."

ಭಾವನ ಮುಖ ಬಾಡಿತು. ಗಾಜು ಬಿಟ್ಟು ಅವರಿಗೆ ಬೇರೆ ಬದುಕು ಗೊತ್ತಿಲ್ಲ. ನನ್ನ ಮುಖ ಅದಕ್ಕಿಂತ ಬಾಡಿತು. ಅಂಗಡಿಯ ಅಷ್ಟೂ ಕೊಡೆಗಳ ಸ್ಪ್ರಿಂಗ್ ನನ್ನ ಕಣ್ಣ ಮುಂದೆ ಹಾರಿದವು.

ಇಂಥ ಹೊತ್ತಿನಲ್ಲಿ ಬಂತು ಅಟ್ಟದ ರೈಲು. ರೈಲ್ವೆಯವರು ಅದಕ್ಕೆ ಏನೋ ಉದ್ದನೆಯ ಹೆಸರಿಟ್ಟಿದ್ದರು. ಎರಡು ಅಂತಸ್ತು, ಭಾರಿ ವೇಗ. ಜನ ನೋಡಿದ ದಿನವೇ ಅಟ್ಟದ ರೈಲು ಅಂದರು, ಆ ಹೆಸರೇ ನಿಂತಿತು. ಇದರ ಹಿಂದಿನ ಯೋಚನೆ ನನ್ನಂಥ ವ್ಯಾಪಾರಿಗೆ ತಕ್ಷಣ ಅರ್ಥವಾಯಿತು. ನಮ್ಮ ಪ್ಲಾಟ್‌ಫಾರಂ ಉದ್ದ ಮಾಡೋಣವೆಂದರೆ ಒಂದು ತುದಿಗೆ ಸೇತುವೆ, ಇನ್ನೊಂದು ತುದಿಗೆ ಗೇಟು. ಇನ್ನಷ್ಟು ರೈಲು ಬಿಡೋಣವೆಂದರೆ ಹಳಿಯ ಮೇಲೆ ಒಂದರ ಬೆನ್ನಿಗೆ ಒಂದು ಈಗಾಗಲೇ ಓಡುತ್ತಿವೆ. ಉದ್ದಕ್ಕೂ ಇಲ್ಲ, ಅಗಲಕ್ಕೂ ಇಲ್ಲ, ಉಳಿದದ್ದು ಎತ್ತರ. ನಾನೂ ಅಂಗಡಿ ಕಿರಿದಾಯಿತೆಂದು ಹಿಂದೆ ಅಟ್ಟ ಕಟ್ಟಿಸಿದ್ದೆ. ಅಲ್ಲಿಗೆ ಯಾವ ಗಿರಾಕಿಯೂ ಹತ್ತಲಿಲ್ಲ. ಅಲ್ಲಿಟ್ಟ ಚೀಲಗಳು ಇಂದಿಗೂ ನನ್ನನ್ನು ನೋಡಿ ನಗುತ್ತಿವೆ. ಹಾಗಾಗಿ ಈ ರೈಲಿನ ಅಟ್ಟಕ್ಕೂ ಯಾರೂ ಹತ್ತುವುದಿಲ್ಲ ಎಂದು ನಾನು ಊರಿಗೆಲ್ಲ ಮೊದಲೇ ಹೇಳಿದ್ದೆ.

ರೈಲಿನ ಜೊತೆ ರೈಲ್ವೆಯ ಮೇಡಂ ಒಬ್ಬರು ಬಂದರು. ಕೊರಳಲ್ಲಿ ಸೆಕೆಂಡು ತೋರಿಸುವ ಗಡಿಯಾರ, ಕೈಯಲ್ಲಿ ನನ್ನದೇ ಅಂಗಡಿಯ ಕೊಡೆ. ಕೊಡೆ ಕೊಳ್ಳುವಾಗಲೇ ವಿಷಯ ಹೇಳಿದ್ದರು. "ಈ ರೈಲು ನಿಮ್ಮೂರಲ್ಲಿ ನಿಲ್ಲೋದು ಪರೀಕ್ಷೆಗೆ, ಈ ತಿಂಗಳ ಕೊನೆ ತನಕ. ಇದರ ಹಿಂದೇನೇ ಇನ್ನೊಂದು ವೇಗದ ರೈಲಿದೆ. ಇದು ಇಲ್ಲಿ ಹೊತ್ತು ಮಾಡಿದ್ರೆ ಅದು ಬಯಲಲ್ಲಿ ನಿಂತ್ಕೊಳ್ಳತ್ತೆ. ಕೊಟ್ಟ ಸಮಯದಲ್ಲಿ ಜನ ಹತ್ತಿ ಇಳಿದ್ರೆ ಸರಿ. ಇಲ್ಲಾಂದ್ರೆ ನಿಮ್ಮೂರನ್ನ ಬಿಟ್ಟು ಓಡತ್ತೆ."

ಮೊದಲ ದಿನ ಸಂಜೆ ರೈಲು ಬಂದು ನಿಂತಿತು. ಬಾಗಿಲು ತೆರೆದರೆ ಬಾಗಿಲ ತುಂಬ ಜನ, ಮೆಟ್ಟಿಲ ತುಂಬ ಜನ, ಜಾಡಿಯಲ್ಲಿ ಉಪ್ಪಿನಕಾಯಿ ಒತ್ತಿ ತುಂಬಿದ ಹಾಗೆ. ನಮ್ಮೂರಿನವರು, ಮುಂದಿನ ಊರಿನವರು, ಅದರಾಚೆಯವರು, ಎಲ್ಲರೂ ಬಾಗಿಲಲ್ಲೇ. ಇಳಿಯಬೇಕಾದವರಿಗೆ ದಾರಿಯಿಲ್ಲ, ಹತ್ತಬೇಕಾದವರಿಗೆ ಕಾಲಿಡಲು ಜಾಗವಿಲ್ಲ. ಮೇಲೆ ನೋಡಿದರೆ ಅಟ್ಟದ ಕಿಟಕಿಗಳಲ್ಲಿ ಖಾಲಿ ಸೀಟುಗಳ ಸಾಲು. ಮೇಡಂ ಗಡಿಯಾರ ನೋಡಿ ತುಟಿ ಕಚ್ಚಿದರು.

ಭಾವ ಬೆವರಿಳಿಸಿಕೊಂಡು ಅಂಗಡಿಗೆ ಬಂದರು.

"ಹೇಗಿತ್ತು ಭಾವ, ಅಟ್ಟ?"

"ನೋಡಲಿಲ್ಲ."

"ಯಾಕೆ?"

"ಬಾಗಿಲ ಹತ್ರ ನಿಂತಿದ್ದೆ ಕಣೋ." ಹೇಳಿ ಅವರಿಗೇ ನಾಚಿಕೆಯಾಯಿತು.

ನನ್ನ ಮಾತು ನಿಜವಾದದ್ದಕ್ಕೆ ನಾನು ಹಿಗ್ಗಬೇಕಿತ್ತು. ಆದರೆ ಈ ರೈಲು ನಮ್ಮೂರು ಬಿಟ್ಟು ಓಡಿದರೆ ಭಾವ ನನ್ನ ಅಂಗಡಿಗೇ ಬಂದು ಕೂರುತ್ತಾರೆ ಎಂಬುದು ನೆನಪಾಗಿ ಹಿಗ್ಗು ಇಳಿಯಿತು.

ಮರುದಿನದಿಂದ ಭಾವ ಎಲ್ಲರನ್ನೂ ಕೇಳತೊಡಗಿದರು. ಮೇಲೆ ಸೀಟು ಖಾಲಿ ಇದೆ, ನೀವ್ಯಾಕೆ ಹತ್ತಲ್ಲ? ಆಸ್ಪತ್ರೆಯ ನರ್ಸಮ್ಮ, "ಹತ್ತಬಹುದು, ಇಳಿಯೋಕೆ ಬಿಡ್ತಾರಾ?" ಅಂದರು. ಟೈಪಿಂಗ್ ಕಲಿಸುವ ಮೇಷ್ಟ್ರು, "ಕೂತ್ಕೊಳ್ಳೋಷ್ಟರಲ್ಲಿ ಏಳಬೇಕು, ಯಾರಿಗೆ ಬೇಕು ಆ ತಾಪತ್ರಯ" ಅಂದರು. ಕಾಲೇಜಿನ ಹುಡುಗಿಯೊಬ್ಬಳು ಮಾತ್ರ ಮೊಬೈಲಿನಿಂದ ಕಣ್ಣೆತ್ತಿ, "ನೀವ್ಯಾಕೆ ಹತ್ತಲ್ಲ ಅಂಕಲ್?" ಎಂದು ತಿರುಗಿ ಕೇಳಿದಳು.

ಆ ಪ್ರಶ್ನೆ ಭಾವನಿಗೆ ನಾಟಿತು. ಮರುದಿನ ಸಂಜೆ ಮೂಲೆ ಬಿಟ್ಟು ಮೆಟ್ಟಿಲು ಹತ್ತಿಯೇ ಬಿಟ್ಟರು. ಕೂತರಂತೆ. ಕಾಲು ಚಾಚಿದರಂತೆ. "ಕಾಲಿಗೆ ಯಾರೋ ತಣ್ಣೀರು ಹಾಕಿದ ಹಾಗಾಯ್ತು ಕಣೋ," ಅಂದರು ನನ್ನ ಹತ್ತಿರ.

"ಮತ್ತಿನ್ನೇನು, ದಿನಾ ಹಾಗೇ ಬನ್ನಿ."

"ಬರೋಕಾಗಲ್ಲ. ಅರ್ಧ ದಾರೀಲೇ ಎದ್ದು ಕೆಳಗೆ ಬಂದ್ಬಿಟ್ಟೆ."

"ಯಾಕೆ?"

"ಮೇಲಿಂದ ಸ್ಟೇಷನ್ನೇ ಕಾಣಲ್ಲ. ಪ್ಲಾಟ್‌ಫಾರಂ ಮೇಲಿನ ತಗಡು ಮಾತ್ರ ಕಾಣತ್ತೆ. ಎಲ್ಲಾ ಊರಿನ ತಗಡೂ ಒಂದೇ ಥರ. ಆ ವೇಗದಲ್ಲಿ ಬೋರ್ಡು ಓದೋದಂತೂ ಆಗದ ಮಾತು. ಹತ್ತಿರದ್ದೆಲ್ಲ ಕಲಸಿ ಬಳಿದ ಹಾಗೆ ಹೋಗತ್ತೆ."

"ಅವಳು ಹೇಳ್ತಾಳಲ್ಲ ಭಾವ, ಆ ಹೆಣ್ಣುದನಿ?"

"ಅವಳ ಮಾತು ಯಾರು ನಂಬ್ತಾರೆ?"

"ಇದು ಹೊಸ ರೈಲು. ಸರಿಯಾಗೇ ಹೇಳ್ತಾಳೆ."

"ರೈಲು ಹೊಸದು. ದನಿ ಹಳೇದೇ."

ನಾನು ಇದನ್ನು ಮೇಡಂಗೆ ಮುಟ್ಟಿಸಿದೆ. ಅವರು ಮೊದಲು ನಕ್ಕರು, ಆಮೇಲೆ ಹಣೆ ಒತ್ತಿಕೊಂಡರು. "ಜನಕ್ಕೆ ಪರಿಚಯದ ದನಿ ಇರಲಿ ಅಂತ ನಾವೇ ಅದನ್ನ ಉಳಿಸಿಕೊಂಡ್ವಿ. ಬದಲಾಯಿಸ್ಬಹುದು. ಆದ್ರೆ ಅದಕ್ಕೆ ಎಷ್ಟು ಮೇಜು ದಾಟ್ಬೇಕು ಗೊತ್ತಾ? ಅಷ್ಟರಲ್ಲಿ ತಿಂಗಳು ಮುಗಿಯತ್ತೆ."

ಕೊನೆಗೆ ನಾನೇ ಒಂದು ದಿನ ಅಂಗಡಿಯ ಬಾಗಿಲೆಳೆದು ಭಾವನ ಜೊತೆ ನಗರಕ್ಕೆ ಹೋಗಿ, ಸಂಜೆ ಅಟ್ಟದಲ್ಲಿ ಕೂತು ವಾಪಸು ಹೊರಟೆ. ಮೇಲೆ ನಾವಿಬ್ಬರು, ಮತ್ತೆ ಕಾಲೇಜಿನ ಆ ಹುಡುಗಿ. ಭಾವ ಕಿಟಕಿಗೆ ಮೂಗು ಒತ್ತಿ ಕೂತಿದ್ದರು. ಕೆಳಗಿನ ಅಂತಸ್ತಿನಿಂದ ನೋಡಿದರೆ ನಮ್ಮೂರು ಹತ್ತಿರವಾದಂತೆ ಸದ್ದು ತಡೆಯಲು ಕಟ್ಟಿದ ಉದ್ದ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಮೇಲಿಂದ ಆ ಗೋಡೆ ಮೊಣಕಾಲೆತ್ತರದ್ದು. ಅದರಾಚೆಗೆ ಹಿತ್ತಿಲುಗಳು, ನೀರಿನ ಟ್ಯಾಂಕುಗಳು, ಒಣಹಾಕಿದ ಬಟ್ಟೆಗಳು. ನಮ್ಮೂರಿಗೆ ಇಂಥದ್ದೊಂದು ಬೆನ್ನು ಇದೆಯೆಂದು ನನಗೇ ಗೊತ್ತಿರಲಿಲ್ಲ.

ಇದ್ದಕ್ಕಿದ್ದ ಹಾಗೆ ಭಾವ ಎದ್ದು ನಿಂತರು. "ಅಯ್ಯೋ! ಅದು ನನ್ನ ಹೆಂಡ್ತಿ!"

ನಿಜವಾಗಿಯೂ ಅಕ್ಕನೇ. ತಾರಸಿಯ ಮೇಲೆ ದೊಡ್ಡದೊಂದು ಹಳದಿ ಚಾದರದ ಜೊತೆ ಗುದ್ದಾಡುತ್ತಿದ್ದಳು. ಗಾಳಿ ಎಳೆಯುತ್ತಿತ್ತು, ಅವಳು ಬಿಡುತ್ತಿರಲಿಲ್ಲ. ಉಳಿದದ್ದೆಲ್ಲ ಕಲಸಿಹೋಗಿದ್ದರೂ ಆ ಹಳದಿ ಮಾತ್ರ ಕಣ್ಣಿಗೆ ಹೊಡೆದಂತೆ ಕಂಡಿತು. ನಾವು ಎದ್ದು, ಚೀಲ ತೆಗೆದುಕೊಂಡು, ಕಂಬಿ ಹಿಡಿದು ನಿಧಾನವಾಗಿ ಮೆಟ್ಟಿಲಿಳಿದೆವು. ಕಾಲು ಕೆಳಗೆ ತಾಗಿತು, ರೈಲು ನಿಂತಿತು, ಬಾಗಿಲು ತೆರೆಯಿತು. ಅಳತೆ ಕೊಟ್ಟು ಹೊಲಿಸಿದ ಹಾಗೆ.

"ನೋಡಿದ್ಯಾ? ಹಳದಿ ಕಂಡಾಗ ಎದ್ರೆ ಸಾಕು," ಅಂದರು ಭಾವ. ಹೊಸ ಗ್ರಹ ಕಂಡುಹಿಡಿದವರ ಮುಖ.

ಅಕ್ಕನಿಗೆ ಹೇಳಿದಾಗ ಅವಳಿಗೆ ಸಿಟ್ಟು ನೆತ್ತಿಗೇರಿತು. "ನನ್ನ ತಾರಸೀನ ಊರಿಗೆಲ್ಲ ತೋರಿಸ್ತೀರಾ? ನಾನು ಹರಕು ಬಟ್ಟೆ ಒಣಹಾಕೋದು ಅಲ್ಲೇ ಕಣ್ರೀ!" ಆಮೇಲೆ ಸೆರಗು ಸರಿಮಾಡಿಕೊಂಡು ಕೇಳಿದಳು, "ಎಷ್ಟು ಜನ ನೋಡ್ತಾರೆ?"

"ಅಟ್ಟ ತುಂಬಿದ್ರೆ, ರೈಲಿಡೀ."

ಮರುದಿನದಿಂದ ಹರಕು ಬಟ್ಟೆಗಳು ಹಿತ್ತಿಲಿಗೆ ಇಳಿದವು. ತಾರಸಿಯ ಮೇಲೆ ಹಳದಿ ಚಾದರವೊಂದೇ, ಅದೂ ಇಸ್ತ್ರಿ ಮಾಡಿದ್ದು. ನಾನು ವ್ಯಾಪಾರಿ, ಬಿಡುತ್ತೇನೆಯೇ? ನನ್ನ ಅಂಗಡಿಯ ಹೆಸರಿನ ದೊಡ್ಡ ಬೋರ್ಡೊಂದನ್ನು ಬರೆಸಿ ಚಾದರದ ಪಕ್ಕಕ್ಕೇ ನಿಲ್ಲಿಸಿದೆ. ಮೊಳೆ ಹೊಡೆದವರು ಭಾವ, ಹಾಗಾಗಿ ಸೊಟ್ಟಗೆ ನಿಂತಿತು. ಆ ವೇಗದಲ್ಲಿ ಅದನ್ನು ಒಬ್ಬನೇ ಒಬ್ಬ ಓದಲಿಲ್ಲ.

ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಹಳದಿ ಚಾದರ ಕಂಡರೆ ಏಳಿ. ಮೊದಲು ನರ್ಸಮ್ಮ ಹತ್ತಿದರು, ಅವರ ಹಿಂದೆ ಮೇಷ್ಟ್ರು. ಭಾವ ಅಷ್ಟಕ್ಕೇ ಬಿಡದೆ ಮುಂದಿನ ಊರಿನವರ ಪಕ್ಕ ಹೋಗಿ ಕೂತು, "ನಿಮ್ಮೂರಿಗೆ ಮುಂಚೆ ಏನು ಕಾಣತ್ತೆ? ನೋಡಿಟ್ಕೊಳ್ಳಿ" ಎಂದು ತಲೆ ತಿಂದರು. ಒಬ್ಬರಿಗೆ ನೀಲಿ ಬಳಿದ ಗೋಡೆ ಸಿಕ್ಕಿತು, ಇನ್ನೊಬ್ಬರಿಗೆ ಬಾಗಿದ ಚಿಮಣಿ. ಬಾಗಿಲ ಬಳಿಯ ಗುಂಪು ದಿನದಿನಕ್ಕೆ ಕರಗಿತು. ಮೇಡಂ ಈಗ ತುಟಿ ಕಚ್ಚುವುದನ್ನು ಬಿಟ್ಟಿದ್ದರು. "ಕೊನೇ ದಿನ ನಮ್ಮ ದೊಡ್ಡ ಸಾಹೇಬ್ರು ಬರ್ತಾರೆ. ಅವತ್ತು ಅವರ ಗಡಿಯಾರ ಹೇಳಿದ್ದೇ ಕೊನೇ ಮಾತು," ಅಂದರು.

ಆ ಕೊನೆಯ ಸಂಜೆ ನಾನು ಪ್ಲಾಟ್‌ಫಾರಂ ಮೇಲಿದ್ದೆ. ಮೇಡಂ ಇದ್ದರು, ಪಕ್ಕದಲ್ಲಿ ಬಿಳಿ ಮೀಸೆಯ ದೊಡ್ಡ ಸಾಹೇಬರು. ಅಷ್ಟರಲ್ಲಿ ಅಕ್ಕ ಬಂದಳು, ತಲೆ ಬಾಚಿ, ಹೊರಗೆ ಹೋಗುವ ಬಟ್ಟೆ ತೊಟ್ಟು.

"ನೀನ್ಯಾಕೆ ಬಂದೆ? ಚಾದರ?"

"ಅದನ್ನ ಹಾಕೇ ಬಂದೆ ಕಣೋ," ಅಂದಳು ಬೀಗಿಕೊಂಡು. "ಹೊಸಾದು. ಹಸಿರು ಬಣ್ಣ, ಅಂಚಿಗೆ ಹೂವು. ದೊಡ್ಡ ಸಾಹೇಬ್ರು ಬರೋ ದಿನ ಆ ಹಳೇದು ಚೆನ್ನಾಗಿರತ್ತಾ? ಹಳದೀನ ನೆನೆಸಿಟ್ಟಿದೀನಿ."

ನಾನು ಅವಳ ತೋಳು ಹಿಡಿದೆ. "ಅಕ್ಕಾ! ಜನ ಹಳದಿಗೆ ಕಾಯ್ತಾರೆ! ಹಸಿರು ನೋಡಿ ಯಾರು ಏಳ್ತಾರೆ?"

ಅಕ್ಕ ಮನೆಯ ಕಡೆ ತಿರುಗಿದಳು. ಓಡಿಹೋಗಿ ಬದಲಾಯಿಸೋಣವೆಂದರೆ ಹಳಿ ಆಗಲೇ ಗುಂಯ್‌ಗುಡುತ್ತಿತ್ತು.

ರೈಲು ಬಂದು ನಿಂತಿತು. ಸಾಹೇಬರು ಗಡಿಯಾರ ಒತ್ತಿದರು. ಬಾಗಿಲು ತೆರೆಯಿತು. ಬಾಗಿಲಲ್ಲಿ ಒಬ್ಬರೂ ಇಲ್ಲ. ಇಷ್ಟು ದಿನ ಬೇಡಿಕೊಂಡಿದ್ದು ಇದೇ ಖಾಲಿ ಬಾಗಿಲು. ಈಗ ಕತ್ತೆತ್ತಿ ಅಟ್ಟದ ಕಿಟಕಿಗಳನ್ನು ನೋಡಿದೆ. ಎಲ್ಲರೂ ಮೇಲೆ ಹಳದಿಗೆ ಕಾಯುತ್ತ ಕೂತುಬಿಟ್ಟಿದ್ದಾರೆ!

ಆಗ ಮೆಟ್ಟಿಲ ಮೇಲೆ ಕಾಲುಗಳು ಕಂಡವು. ದಡದಡ ಅಲ್ಲ, ಸಾಲಾಗಿ, ಒಂದರ ಹಿಂದೆ ಒಂದು. ನರ್ಸಮ್ಮ, ಅವರ ಹಿಂದೆ ಮೇಷ್ಟ್ರು, ಆ ಹುಡುಗಿ. ಎಲ್ಲರ ಮುಖದಲ್ಲೂ ನಗು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಎಲ್ಲರಿಗಿಂತ ಹಿಂದೆ, ಕಂಬಿ ಹಿಡಿದು, ಊದಿದ ಕಾಲನ್ನು ಒಂದೊಂದಾಗಿ ಇಡುತ್ತ, ನಮ್ಮ ಭಾವ. ಇನ್ನೂ ಅರ್ಧದಷ್ಟು ಮೆಟ್ಟಿಲುಗಳು ಬಾಕಿ.

ಗಾರ್ಡು ಭಾವನ ಕಡೆ ನೋಡಿದ. ಸಾಹೇಬರು ಗಡಿಯಾರದ ಮುಳ್ಳಿನ ಕಡೆ ನೋಡಿದರು. ಒಂದಿಷ್ಟು ತಡೆದರೆ ಭಾವ ಇಳಿದಾರು, ಆದರೆ ಸಮಯ ಮೀರುತ್ತದೆ. ಭಾವ ಅಲ್ಲಿಂದಲೇ ಎಲ್ಲರ ಮುಖ ಓದಿದರು. ನಿಂತರು. ಗಾರ್ಡಿಗೆ ಕೈಯಾಡಿಸಿ, "ಹೋಗ್ಲಿ ಬಿಡಿ!" ಅಂದರು.

ಬಾಗಿಲು ಮುಚ್ಚಿತು.

"ರೀ! ಇಳೀರಿ!" ಅಕ್ಕ ಓಡಿದಳು. ರೈಲು ಅವಳಿಗಿಂತ ಜೋರಾಗಿ ಓಡಿತು. ಬಾಗಿಲ ಗಾಜಿನಾಚೆ ಭಾವ ತಿರುಗಿ ಮತ್ತೆ ಮೆಟ್ಟಿಲು ಹತ್ತುವುದು ಕಂಡಿತು.

ಸಾಹೇಬರು ಗಡಿಯಾರವನ್ನು ಮೇಡಂಗೆ ತೋರಿಸಿದರು. ಮೇಡಂ ಕಣ್ಣರಳಿತು. ಸಮಯದೊಳಗೇ ಮುಗಿದಿತ್ತು.

"ಒಬ್ರು ಒಳಗೇ ಉಳಿದ್ರಲ್ಲ?" ಅಂದರು ಸಾಹೇಬರು.

"ಅವ್ರು ನಮ್ಮವ್ರೇ," ಅಂದಳು ಅಕ್ಕ, ಏದುಸಿರು ಬಿಡುತ್ತ. "ಬರ್ತಾರೆ. ನೀವು ಬರ್ಕೊಳ್ಳಿ."

ಮೇಲೆ ನಡೆದದ್ದನ್ನು ಹೇಳಿದವರು ನರ್ಸಮ್ಮ. "ಆ ದನಿ ಊರು ಬಂತು ಅಂತು. ಹಳದಿ ಇಲ್ಲ. ನಾವ್ಯಾರೂ ಅಲ್ಲಾಡಲಿಲ್ಲ. ಅಷ್ಟರಲ್ಲಿ ಇವರು ಎದ್ದು ಕೂಗಿದ್ರು ನೋಡಿ, 'ಸೊಟ್ಟ ಬೋರ್ಡು ಕಾಣ್ತಾ ಇದೆ! ಅದು ನಾನೇ ಹೊಡೆದ ಮೊಳೆ! ಏಳ್ರೀ!' ಅಂತ. ಹಳದಿ ಎಲ್ಲಿ ಅಂದ್ರೆ, 'ಆ ಚಾದರದ ಮೇಲೆ ದಿನಾ ಮಲಗೋನು ನಾನು, ನಿಮಗೆ ಹೆಚ್ಚು ಗೊತ್ತಾ ನನಗೆ ಹೆಚ್ಚು ಗೊತ್ತಾ?' ಅಂದ್ರು. ಎಲ್ರನ್ನೂ ಮುಂದೆ ಬಿಟ್ಟು ತಾವು ಹಿಂದೆ ಉಳಿದ್ರು."

ಅಂದರೆ ನನ್ನ ಬೋರ್ಡನ್ನು ಕೊನೆಗೂ ಒಬ್ಬರು ಓದಿದ್ದರು. ಅವರು ಗಿರಾಕಿಯಲ್ಲ ಎಂಬುದೊಂದೇ ಬೇಸರ.

ಸಾಹೇಬರು ಹೊರಡುವ ಮೊದಲೇ ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ಮಾತು ಮುಗಿದಿತ್ತು. ಅಟ್ಟದ ರೈಲು ನಮ್ಮೂರಲ್ಲಿ ನಿಲ್ಲುತ್ತದೆ, ಇನ್ನು ಪರೀಕ್ಷೆಗಲ್ಲ, ದಿನಾ. ಮೇಡಂ ಹೊರಬಂದು ಅಕ್ಕನ ಕೈ ಹಿಡಿದು, "ನಾಳೆ ಹಳದೀನೇ ಹಾಕ್ತೀರಲ್ಲ?" ಅಂದರು.

ಭಾವ ಮುಂದಿನ ಊರಿನಿಂದ ನಿಧಾನದ ರೈಲು ಹಿಡಿದು ವಾಪಸು ಬಂದರು. ಆ ಹೊತ್ತಿಗೆ ಅದು ಖಾಲಿ, ಅದರಲ್ಲೂ ಕೂತೇ ಬಂದಿದ್ದರು. ಅಕ್ಕ ಬೈಗುಳವನ್ನೆಲ್ಲ ಬಾಯಲ್ಲಿ ತುಂಬಿಕೊಂಡು ಕಾದಿದ್ದಳು. ಅವರ ಮುಖ ನೋಡಿ ಮರೆತಳು.

"ಹೋಗಿದ್ದು ಹೋದ್ರಿ. ಏನಿತ್ತು ಅಲ್ಲಿ?"

"ಅದೇ ತಗಡು ಕಣೇ," ಅಂದರು ಭಾವ. "ಆದ್ರೆ ಇಷ್ಟು ವರ್ಷ ಇದೇ ಹಳಿ ಮೇಲೆ ಓಡಾಡಿದ್ರೂ ನಮ್ಮೂರ ಆಚೆ ಏನಿದೆ ಅಂತ ನೋಡೇ ಇರಲಿಲ್ಲ. ಅಲ್ಲೊಂದು ಕೆರೆ ಇದೆ. ಅಟ್ಟದಿಂದ ಪೂರ್ತಿ ಕಾಣತ್ತೆ. ಎಂಥ ನುಣುಪು ಅಂತೀಯ, ಈಗಷ್ಟೇ ಉಜ್ಜಿಟ್ಟ ಗಾಜಿನ ಹಾಗೆ."

ನಾವು ಮೂವರೂ ಮನೆ ಕಡೆ ಹೊರಟೆವು. ಸ್ವಲ್ಪ ದೂರ ನಡೆದು ಭಾವ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಅಲ್ಲ ಕಣೋ, ಅದರ ಮುಂದಿನ ಊರಲ್ಲಿ ಏನಿರಬಹುದು?"

"ನಡೀರಿ ಸಾಕು," ಎಂದು ಅಕ್ಕ ಅವರ ಚೀಲ ಕಿತ್ತುಕೊಂಡಳು.